ಗುಡ್ಡದ ಮೇಲೆ ಹೂಡಿದ ಒಲೆ

ನಮ್ಮ ಊರಿಗೆ ಗಾಳಿ ಕರೆಯದೆ ಬರುವುದಿಲ್ಲ. ಬೇರೆ ಊರುಗಳಲ್ಲಿ ಅದು ಹೊತ್ತು ಗೊತ್ತಿಲ್ಲದೆ ಕಂಡವರ ಮನೆಗೆ ನುಗ್ಗುತ್ತದಂತೆ, ಬಂದೆಯಾ ಎಂದು ಯಾರೂ ಕೇಳುವುದೂ ಇಲ್ಲವಂತೆ. ಅದನ್ನು ಕೇಳಿದಾಗೆಲ್ಲ ನನಗೆ ಅಲ್ಲಿನ ಗಾಳಿಯ ಬಗ್ಗೆ ಕನಿಕರವಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ರಾಗಿ ತೂರಬೇಕಾದವರು, ಹಪ್ಪಳ ಒಣಗಿಸಬೇಕಾದವರು, ಅಡುಗೆಮನೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡು ಸಾಕಾದವರು ಮನೆಯಿಂದ ಇಬ್ಬರು ಜೊತೆಯಾಗಿ ಹೊರಟು ಊರ ಪಡುವಣದ ಕಣಿವೆಯ ಬಾಯಿಗೆ ಹೋಗುತ್ತಾರೆ. ಕುಂಕುಮದ ಬಟ್ಟಲನ್ನು ಬಂಡೆಯ ಮೇಲಿಟ್ಟು, ಇಂಥವರ ಮನೆಯಿಂದ ಬಂದಿದ್ದೇವೆ, ನಾಳೆ ಇಷ್ಟು ಹೊತ್ತಿಗೆ ಇಂಥ ಕೆಲಸವಿದೆ, ಬಂದು ನಡೆಸಿಕೊಡಬೇಕು ಎಂದು ಹೇಳಿ ಬರುತ್ತಾರೆ. ಮಾರನೆಯ ದಿನ ಸರಿಯಾದ ಹೊತ್ತಿಗೆ ಒಂದು ಗಾಳಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ಮನೆಯವರು ಒಳಗೆ ಕರೆದು, ಮೊರದಲ್ಲಿ ಒಂದು ಹಿಡಿ ಮಂಡಕ್ಕಿ ಇಟ್ಟು ಉಪಚಾರ ಮಾಡುತ್ತಾರೆ. ಕೆಲಸ ಮುಗಿದ ಮೇಲೆ ಓಣಿಯ ತಿರುವಿನ ತನಕ ಜೊತೆಗೆ ಹೋಗಿ ಕಳಿಸಿಕೊಡುತ್ತಾರೆ.

ಹೀಗಾಗಿ ನಮ್ಮೂರ ಹೊಸ ಸೊಸೆಗೆ ಮೊದಲು ಕಲಿಸುವುದು ಸಾರಿನ ಪುಡಿಯ ಹದವನ್ನಲ್ಲ, ಗಾಳಿ ಕರೆಯುವ ಮಾತನ್ನು. ಬೇಸಿಗೆಯಲ್ಲಿ ಓಣಿಯವರು ಸರದಿಯ ಮೇಲೆ ಕರೆಯುತ್ತಾರೆ; ಇವತ್ತು ಯಾರ ಮನೆಗೆ ಗಾಳಿಯೋ ಅವರ ಜಗಲಿಯಲ್ಲಿ ಓಣಿಗೆ ಓಣಿಯೇ ಕೂತಿರುತ್ತದೆ. ಯಾರದೋ ಮನೆಗೆ ಹೊರಟ ಗಾಳಿ ಎದುರಾದರೆ ನಾವು ಬದಿಗೆ ಸರಿದು, ಅಂಗಿಯ ಗುಂಡಿ ಹಾಕಿಕೊಂಡು ದಾರಿ ಬಿಡುತ್ತೇವೆ. ಪಕ್ಕದ ಮನೆಯ ಗಾಳಿಗೆ ತಮ್ಮ ಒದ್ದೆ ಸೀರೆ ಒಡ್ಡುವ ಜಾಣೆಯರೂ ಇಲ್ಲದಿಲ್ಲ. ಜವಳಿ ಅಂಗಡಿಯ ಗುರುಪಾದಪ್ಪನಂಥವರೂ ಇದ್ದಾರೆ. ಆತ ಮೂವತ್ತು ವರ್ಷದಿಂದ ಒಂದು ಗಾಳಿಯನ್ನೂ ಕರೆದಿರಲಿಲ್ಲ. ಮಂಡಕ್ಕಿ ದಂಡ ಎಂದು ಬೀಸಣಿಗೆ ಹಿಡಿದು ಕೂತಿರುತ್ತಿದ್ದ.

ನಾನು ವಿದ್ಯುತ್ ಮಂಡಳಿಯ ಶಾಖಾ ಕಚೇರಿಯಲ್ಲಿ ಗುಮಾಸ್ತ, ಹೆಸರು ಪಂಪಾಪತಿ. ಆದರೆ ಈ ಕಥೆ ನನ್ನದಲ್ಲ, ನಮ್ಮ ಶಾಖಾ ಇಂಜಿನಿಯರ್ ರುದ್ರಾಣಿಯದು. ಅವಳು ಲೈನ್‌ಮನ್ ಬಸಲಿಂಗಣ್ಣನ ಮಗಳು. ಲಂಗ ಉಟ್ಟು ಅಪ್ಪನಿಗೆ ಬುತ್ತಿ ತರುತ್ತಿದ್ದವಳು ಓದಿ, ಅದೇ ಕಚೇರಿಗೆ ಇಂಜಿನಿಯರಾಗಿ ಬಂದಳು. ಹಾಗಾಗಿ ಕಚೇರಿಯೊಳಗೆ ಅವಳು ನನಗೆ ಮೇಡಂ, ಮೆಟ್ಟಿಲಿಳಿದ ಕೂಡಲೇ ನಾನು ಅವಳಿಗೆ ಪಂಪಣ್ಣ. ನಮ್ಮೂರಿಗೆ ಬರುತ್ತಿದ್ದ ಕರೆಂಟು ನಾನೂರು ಮೈಲಿ ಆಚೆ ಯಾರೋ ಕಲ್ಲಿದ್ದಲು ಸುಟ್ಟು ಕಳಿಸಿದ್ದು. ದಾರಿಯುದ್ದಕ್ಕೂ ಎಲ್ಲ ಊರಿನವರು ಉಂಡು ಮಿಕ್ಕಿದ್ದು ಕಟ್ಟಕಡೆಗೆ ನಮಗೆ. ಬಲ್ಬು ಹಾಕಿದರೆ ಒಳಗಿನ ತಂತಿ ಕೆಂಪಗೆ ಕಾಣುತ್ತಿತ್ತೇ ಹೊರತು ಗೋಡೆ ಕಾಣುತ್ತಿರಲಿಲ್ಲ. ಹಿಟ್ಟಿನ ಗಿರಣಿ ದಿನಕ್ಕೆ ಎರಡು ತಾಸು ಓಡಿದರೆ ಹೆಚ್ಚು. ಆಸ್ಪತ್ರೆಯ ನರ್ಸಮ್ಮ ಮಕ್ಕಳ ಲಸಿಕೆಯ ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಕೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. "ಕಂಡೋರ ಮನೆ ತಂಗಳು ಕಣವ್ವ ಇದು" ಎಂದು ಬಸಲಿಂಗಣ್ಣ ಕಂಬದ ಮೇಲಿಂದಲೇ ಮಗಳಿಗೆ ಹೇಳುತ್ತಿದ್ದ. ಆ ಮಾತು ರುದ್ರಾಣಿಯ ಎದೆಯಲ್ಲಿ ಕೂತುಬಿಟ್ಟಿತ್ತು. ತನ್ನೂರು ಒಂದು ದಿನವಾದರೂ ತನ್ನದೇ ಒಲೆಯ ಬಿಸಿ ಅನ್ನ ಉಣ್ಣಬೇಕು ಎನ್ನುವುದನ್ನು ಬಿಟ್ಟರೆ ಅವಳಿಗೆ ಬೇರೆ ಆಸೆ ಇದ್ದದ್ದು ನಾನಂತೂ ಕಾಣೆ.

ಆರು ವರ್ಷ ಅವಳು ಕೇಂದ್ರ ಕಚೇರಿಗೆ ಬರೆದಳು. ಏಳನೆಯ ವರ್ಷ ಮಂಡಳಿ ಕಲ್ಲಿದ್ದಲಿನ ನಂಬಿಕೆ ಬಿಟ್ಟು, ನವೀಕರಿಸಬಹುದಾದ ಇಂಧನದಲ್ಲಿ ದೊಡ್ಡ ಹೂಡಿಕೆ ಮಾಡುವುದೆಂದು ತೀರ್ಮಾನಿಸಿತು. ಬಿಸಿಲಿನ ಊರಿಗೆ ಸೌರ ಫಲಕ, ಗಾಳಿಯ ಊರಿಗೆ ಗಾಳಿಯಂತ್ರ. ನಮ್ಮ ಬೋಳುಗುಡ್ಡದ ಗಾಳಿ ಅಳೆಯಲು ಒಬ್ಬರು ಬಂದರು. ಗುಡ್ಡದ ತಪ್ಪಲಿನಲ್ಲಿ ಮನೆಯಿರುವ ರುದ್ರಾಣಿಯ ಅತ್ತೆ ಸಿದ್ದವ್ವ ಅವತ್ತೇ ಸಂಡಿಗೆ ಇಟ್ಟು, ಒಳ್ಳೆ ಮೈಕೈ ತುಂಬಿದ ಗಾಳಿಯೊಂದನ್ನು ಕರೆಸಿದ್ದಳು. ಅಳತೆಯವರ ಮುಳ್ಳು ಕುಣಿದಾಡಿತು. ಅವರು ಹಿಗ್ಗಿ, ಸಂಡಿಗೆಯನ್ನೂ ಕಟ್ಟಿಸಿಕೊಂಡು ಹೋದರು. ನಾವ್ಯಾರೂ ತುಟಿ ಬಿಚ್ಚಲಿಲ್ಲ. ಸಂಡಿಗೆಗೆ ಕರೆದರೆ ಬರುವ ಗಾಳಿ ಯಂತ್ರಕ್ಕೆ ಕರೆದರೆ ಬಾರದೇ ಇದ್ದೀತೆ ಎಂದೇ ರುದ್ರಾಣಿಯೂ ಅಂದುಕೊಂಡಿದ್ದಳು.

ಏಳು ಯಂತ್ರಗಳು ಬಂದವು. ಒಂದೊಂದು ರೆಕ್ಕೆ ತಂದ ಲಾರಿಯೂ ನಮ್ಮ ಪೇಟೆ ಬೀದಿಯಲ್ಲಿ ತಿರುಗಲಾರದೆ ಅರ್ಧ ದಿನ ಸಿಕ್ಕಿಕೊಂಡಿತ್ತು. ಜನ ಮನೆಗೆಲಸ ಬಿಟ್ಟು ಬಂದು ರೆಕ್ಕೆ ಮುಟ್ಟಿ ನೋಡಿ ಹೋದರು. ಯಂತ್ರಗಳ ಜೊತೆ ಒಂದು ಷರತ್ತೂ ಬಂತು. ನಲವತ್ತನೆಯ ದಿನ ಮುಖ್ಯ ಇಂಜಿನಿಯರ್ ವಾಮನಮೂರ್ತಿಯವರು ಖುದ್ದಾಗಿ ಬಂದು ನೋಡುತ್ತಾರೆ. ತಿರುಗುತ್ತಿದ್ದರೆ ಏಳೂ ನಮ್ಮವು. ನಿಂತಿದ್ದರೆ ಬಿಚ್ಚಿಕೊಂಡು ಕಡಲ ಕಡೆಯ ಊರಿಗೆ ಒಯ್ಯುತ್ತಾರೆ, ಮತ್ತೆಂದೂ ನಮ್ಮ ಊರನ್ನು ಪಟ್ಟಿಗೆ ಸೇರಿಸುವುದಿಲ್ಲ. ರುದ್ರಾಣಿ ಎರಡನೆಯ ಸಲ ಓದದೆ ಸಹಿ ಹಾಕಿದಳು. ನಾನು ಒತ್ತಿದ ಮೊಹರು ತಲೆಕೆಳಗಾಗಿ ಬಿತ್ತು.

ಸರ್ಕಾರಿ ಕೆಲಸ ಸರ್ಕಾರಿ ರೀತಿಯಲ್ಲೇ ಆಗಬೇಕೆಂದು ಹಟ ಹಿಡಿದವನು ನಾನೇ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಾವು ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಗುಡ್ಡದ ಮೇಲೆ ತಪ್ಪದೆ ಹಾಜರಾಗತಕ್ಕದ್ದು ಎಂದು ಗಾಳಿಗೆ ಅಚ್ಚುಕಟ್ಟಾದ ಪತ್ರ ಬರೆದು, ಕಣಿವೆಯ ಬಾಯಲ್ಲಿ ಕಲ್ಲಿನಡಿ ಇಟ್ಟು ಬಂದೆ. ಸೋಮವಾರ ಒಂದು ಎಲೆಯೂ ಅಲುಗಲಿಲ್ಲ. ಹದಿನೈದು ದಿನ ಕಾದು ಜ್ಞಾಪನಾ ಪತ್ರ ಕಳಿಸಿದೆ. ಮೂರನೆಯ ದಿನ ಕಚೇರಿಯ ಬಾಗಿಲು ತೆರೆದರೆ ಎರಡೂ ಪತ್ರ ನನ್ನ ಮೇಜಿನ ಮೇಲಿದ್ದವು, ಮಡಿಕೆ ಕೂಡ ಮುರಿದಿರಲಿಲ್ಲ. ರುದ್ರಾಣಿ ನನ್ನನ್ನು ಬೈಯಲಿಲ್ಲ. ತಾನೇ ಹೆಲ್ಮೆಟ್ಟು ಹಾಕಿಕೊಂಡು ಜೀಪು ಹತ್ತಿ ಹೋಗಿ ಮಂಡಳಿಯ ಪರವಾಗಿ ಕರೆದು ಬಂದಳು. ಈ ಸಲ ಒಂದು ಗಾಳಿ ಬಂತು. ಬಂದು, ಬೀಗ ಹಾಕಿದ ಮನೆಯ ಕಿಟಕಿಯಲ್ಲಿ ಇಣುಕುವವರ ಹಾಗೆ ಏಳೂ ಯಂತ್ರಗಳನ್ನು ಸುತ್ತಿ ನೋಡಿತು. ಮೂರನೆಯದರ ರೆಕ್ಕೆಯನ್ನು ಅರ್ಧ ಸುತ್ತು ತಳ್ಳಿತು. ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋಯಿತು.

ಅವತ್ತಿಗೆ ಮೂವತ್ತನಾಲ್ಕು ದಿನ ಕಳೆದಿತ್ತು. ಸಂಜೆ ರುದ್ರಾಣಿ ಮನೆಯ ಜಗಲಿಯಲ್ಲಿ ಕೂತು ತಲೆ ಮೇಲೆ ಕೈ ಹೊತ್ತಿದ್ದಳು. ನಾನು ಎದುರಿಗೆ ಕೂತು ನಿಯಮಾವಳಿಯ ಪುಸ್ತಕ ತಿರುವುತ್ತಿದ್ದೆ. ಸಿದ್ದವ್ವ ಒಳಗಿಂದ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ ಹೊರಗೆ ಬಂದಳು. ಸೊಸೆಯ ನೌಕರಿಯ ವಿಷಯದಲ್ಲಿ ಬಾಯಿ ಹಾಕುವ ಹೆಂಗಸಲ್ಲ ಅವಳು. ಆದರೆ ಅವತ್ತು ತಡೆಯಲಾಗಲಿಲ್ಲ.

"ಅಲ್ಲ ಕಣವ್ವ, ಮಂಡಳಿ ಕರೀತೈತೆ ಅಂತೀಯಲ್ಲ, ಮಂಡಳಿ ಅಂದ್ರೆ ಯಾರು? ಅದಕ್ಕೊಂದು ಮನೆ ಐತಾ, ಒಲೆ ಐತಾ? ಬಂದೋರು ಬಾಗಿಲಾಗೆ ನಿಂತ್ಕಂಡು ಯಾರ್ನ ಕೂಗ್ಬೇಕು? ಒಂದು ತಂಬಿಗೆ ನೀರು ಕೊಡೋರು ದಿಕ್ಕಿಲ್ಲ. ಅಂಥಲ್ಲಿಗೆ ನನ್ನ ಕರೆದ್ರೆ ನಾನೂ ಹೋಗಾಕಿಲ್ಲ" ಎಂದಳು.

ರುದ್ರಾಣಿ ಅತ್ತೆಯ ಮುಖವನ್ನೇ ನೋಡಿದಳು. ನಾನು ಪುಸ್ತಕ ಮುಚ್ಚಿದೆ. ಅದರಲ್ಲಿ ಇಂಥದ್ದಕ್ಕೆ ಯಾವ ಕಲಮೂ ಇರಲಿಲ್ಲ.

ಮಾರನೆಯ ದಿನವೇ ಗುಡ್ಡದ ಮೇಲೆ ಸಂಸಾರ ಹೂಡಿದರು. ಡ್ರಾಯಿಂಗ್ ಮೇಷ್ಟ್ರಾದ ರುದ್ರಾಣಿಯ ಗಂಡ ಹಂಡೆ, ಚಾಪೆ, ಮಣೆ ಹೊತ್ತು ತಂದ. ನಾಲ್ಕನೆಯ ಯಂತ್ರದ ಬುಡದಲ್ಲಿ ಸಿದ್ದವ್ವ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಮಂಡಳಿಯ ಆವರಣದಲ್ಲಿ ಬೆಂಕಿ ಹಚ್ಚುವುದಕ್ಕೆ ಅನುಮತಿ ಬೇಕೆಂದು ನಾನೇ ತಕರಾರು ಎತ್ತಿ, ನಾನೇ ಅರ್ಜಿ ಬರೆದು, ರುದ್ರಾಣಿಯ ಸಹಿ ಹಾಕಿಸಿ ನಾನೇ ಮಂಜೂರು ಪತ್ರ ಕೊಟ್ಟೆ. ಹಾಲು ಉಕ್ಕಿತು, ಮೂಡಣ ದಿಕ್ಕಿಗೇ ಉಕ್ಕಿತು. ಮನೆ ಏನೋ ಆಯಿತು, ಗೋಡೆಗಳೇ ಇಲ್ಲವಲ್ಲ ಎಂದು ನಾನು ಅಂದಾಗ ಸಿದ್ದವ್ವ, ಬರುವವರು ಗಾಳಿಯವರು ತಾನೆ, ಅವರಿಗೆ ಗೋಡೆ ಯಾಕೆ ಎಂದು ನನ್ನ ಬಾಯಿ ಮುಚ್ಚಿಸಿದಳು.

ಮೂವತ್ತಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಕರೆಯಲು ಹೊರಟರು. ಕುಂಕುಮದ ತಟ್ಟೆ ಹಿಡಿದುಕೊಂಡು ನಾನು ಹಿಂದೆ. ರುದ್ರಾಣಿ ದಾರಿಯುದ್ದಕ್ಕೂ ಅತ್ತೆಗೆ ಹೇಳಿಕೊಟ್ಟಿದ್ದಳು: ಒಂದು ಗಾಳಿ, ಮಧ್ಯಮ ವಯಸ್ಸಿನದು, ನಾಳೆ ಬೆಳಿಗ್ಗೆ. ಸಿದ್ದವ್ವ ತಲೆಯಾಡಿಸಿದ್ದಳು. ಕಣಿವೆಯ ಮುಂದೆ ನಿಂತು ಸೆರಗು ಹೊದ್ದು ಮಾತು ಶುರು ಮಾಡಿದಾಗ ಎಲ್ಲವೂ ಸರಿಯಾಗೇ ಇತ್ತು. ಆದರೆ ಮಗನ ಮದುವೆಯಾದ ಮೇಲೆ ಅವಳ ಮನೆಯಲ್ಲಿ ದೊಡ್ಡ ಕಾರ್ಯ ಅಂತ ಒಂದೂ ಆಗಿರಲಿಲ್ಲ. ಹನ್ನೊಂದು ವರ್ಷದಿಂದ ಯಾರನ್ನೂ ಬಾಯ್ತುಂಬ ಕರೆದಿರಲಿಲ್ಲ. ಹೇಳುತ್ತ ಹೇಳುತ್ತ ಅವಳಿಗೆ ಉಮೇದು ಬಂದುಬಿಟ್ಟಿತು. "ನಾಳೆ ನಿಮ್ಮನೆಯಾಗೆ ಒಲೆ ಹಚ್ಚಂಗಿಲ್ಲ, ಹೇಳೀನಿ" ಎಂದುಬಿಟ್ಟಳು.

ನಮ್ಮ ಕಡೆಯವರಿಗೆ ಆ ಮಾತಿನ ತೂಕ ಗೊತ್ತು. ಮನೆಗೊಬ್ಬರು ಬಂದು ಹೋಗಿ ಎನ್ನುವ ಕರೆಯೇ ಬೇರೆ, ಒಲೆ ಹಚ್ಚಬೇಡಿ ಎನ್ನುವ ಕರೆಯೇ ಬೇರೆ. ಒಲೆ ಹಚ್ಚಬೇಡಿ ಎಂದ ಮೇಲೆ ಮನೆಯ ಹಿರಿಯರು, ಮಕ್ಕಳು, ಬಾಣಂತಿ, ಅವರ ಮನೆಗೆ ಬಂದ ನೆಂಟರು, ನೆಂಟರ ಜೊತೆ ಬಂದವರು ಎಲ್ಲರೂ ಊಟಕ್ಕೆ ಬರುತ್ತಾರೆ. ಬರದಿದ್ದರೆ ಕರೆದವರಿಗೆ ಅವಮಾನ. ಆಡಿದ ಮೇಲೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡವರು ನಮ್ಮೂರಲ್ಲಿ ಯಾರೂ ಇಲ್ಲ. ರುದ್ರಾಣಿ ಬಿಳಿಚಿಕೊಂಡಳು. ಸಿದ್ದವ್ವನಿಗೂ ಅರಿವಾಗಿ ನಾಲಗೆ ಕಚ್ಚಿಕೊಂಡಳು. ಕಣಿವೆಯೊಳಗೆ ಎಲ್ಲೋ ಆಳದಲ್ಲಿ ಗುಸುಗುಸು ಶುರುವಾಯಿತು.

ಮೂವತ್ತೇಳನೆಯ ದಿನ ಬೆಳಿಗ್ಗೆ ಅವರೆಲ್ಲ ಬಂದರು. ಮೊದಲು ಮಕ್ಕಳ ಗಾಳಿಗಳು, ದಾರಿಯಲ್ಲಿ ಸಿಕ್ಕ ಡಬ್ಬಿಗಳನ್ನೆಲ್ಲ ಉರುಳಿಸಿಕೊಂಡು. ಅವುಗಳ ಹಿಂದೆ ಹರೆಯದವು, ಸಿಳ್ಳೆ ಹಾಕುತ್ತ. ಆಮೇಲೆ ಬಂಡೆ ಬಂಡೆಗೂ ಕೂತು ಸುಧಾರಿಸಿಕೊಳ್ಳುತ್ತ ಎರಡು ಹಣ್ಣು ಹಣ್ಣು ಮುದಿ ಗಾಳಿಗಳು. ಮಳೆ ಹೊತ್ತ ತುಂಬು ಬಸುರಿಯೊಂದು ಸೊಂಟದ ಮೇಲೆ ಕೈಯಿಟ್ಟುಕೊಂಡ ಹಾಗೆ ನಿಧಾನಕ್ಕೆ ಬಂತು. ಮೂಡಣ ಸೀಮೆಯ ಬೀಗರ ಗಾಳಿ ಬಿಸಿಬಿಸಿಯಾಗಿ ಬಂದು, ಎದುರುಗೊಳ್ಳಲು ಯಾರೂ ಬರಲಿಲ್ಲವೆಂದು ಮುಖ ಊದಿಸಿಕೊಂಡು ದೂರವೇ ನಿಂತಿತು. ತಮ್ಮತಮ್ಮಲ್ಲೇ ಮಾತು ಬಿಟ್ಟ ದಾಯಾದಿ ಗಾಳಿಗಳೂ ಇದ್ದವು. ಎಲ್ಲವೂ ಒಟ್ಟಿಗೆ ಯಂತ್ರಗಳಿಗೆ ಮುಗಿಬಿದ್ದವು. ಏಳೂ ರೆಕ್ಕೆಗಳು ಕಣ್ಣಿಗೆ ಕಾಣದಷ್ಟು ವೇಗದಲ್ಲಿ ತಿರುಗಿದವು. ರುದ್ರಾಣಿ ಕುಣಿಯುವುದೊಂದು ಬಾಕಿ. ಆದರೆ ಯಂತ್ರಕ್ಕೆ ವೇಗ ಮಿತಿಮೀರಿದರೆ ತಾನೇ ಬಿಗಿದುಕೊಳ್ಳುವ ಕೀಲು ಇರುತ್ತದೆ. ಕಟ್ ಕಟ್ ಎಂದು ಒಂದೊಂದಾಗಿ ಏಳೂ ಬಿಗಿದುಕೊಂಡು ನಿಂತವು.

ಕೂರಲು ಜಾಗ ಸಿಗದ ನೆಂಟರು ಏನು ಮಾಡುತ್ತಾರೆ, ಊರು ನೋಡಲು ಹೊರಡುತ್ತಾರೆ. ಪೇಟೆಯಲ್ಲಿ ಒಂದು ಟೋಪಿಯೂ ತಲೆಯ ಮೇಲೆ ಉಳಿಯಲಿಲ್ಲ. ಅಂಚೆಯವನ ಕಾಗದಗಳು ವಿಳಾಸ ಬಿಟ್ಟು ಬೇರೆಯವರ ಮನೆ ಸೇರಿ, ಮುಚ್ಚಿಟ್ಟಿದ್ದ ಎರಡು ಮದುವೆ ಮಾತುಕತೆ ಬಯಲಾದವು. ಯಾರದೋ ಪಂಚೆ ಶಾಲೆಯ ಧ್ವಜಸ್ತಂಭಕ್ಕೆ ಏರಿತು. ಆದರೂ ಜನ ಒಂದು ಮಾತು ಒರಟಾಗಿ ಆಡಲಿಲ್ಲ. ಎಷ್ಟಾದರೂ ಕರೆದು ಬಂದವರು.

ಗುಡ್ಡದ ಮೇಲೆ ರುದ್ರಾಣಿ ಒಲೆಯ ಮುಂದೆ ಕುಕ್ಕರಿಸಿ ಅತ್ತುಬಿಟ್ಟಳು. ಗಾಳಿ ಬಾರದಿದ್ದರೆ ಬರಲಿಲ್ಲ ಎಂದು ಹೇಳಬಹುದಿತ್ತು, ಬಂದ ಗಾಳಿಯಿಂದಲೇ ಯಂತ್ರ ನಿಂತಿತು ಎಂದರೆ ಯಾರು ನಂಬುತ್ತಾರೆ? ಅವಳ ಅಪ್ಪನ ಜೊತೆ ಕಂಬ ಎಣಿಸಿಕೊಂಡು ಓಡಾಡಿದವನು ನಾನು. ನನ್ನ ಕಣ್ಣಲ್ಲೂ ನೀರು ಬಂತು. ಅಷ್ಟರಲ್ಲಿ ಸಿದ್ದವ್ವ ಸೌಟು ಹಿಡಿದು ಎದ್ದು, ನುಗ್ಗುತ್ತಿದ್ದ ಹರೆಯದ ಗಾಳಿಗಳನ್ನು ಗದರಿಸತೊಡಗಿದಳು.

"ಎಲ್ಲಾರೂ ಒಂದೇ ಸಲ ನುಗ್ಗಿದ್ರೆ ನಾನು ಎಲೆ ಎಲ್ಲಿಂದ ತರ್ಲಿ? ದೊಡ್ಡೋರು ಮೊದ್ಲು ಕೂತ್ಕಳ್ಳಲಿ. ನೀವು ಆಮೇಲೆ."

ಹರೆಯದ ಗಾಳಿಗಳು ಬಾಲ ಮುದುರಿ ಹಿಂದೆ ಸರಿದವು. ರುದ್ರಾಣಿ ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ಅತ್ತೆಯನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಪಂಪಣ್ಣ, ಪಂಕ್ತಿ ಮಾಡಣ" ಎಂದಳು.

ಮುಂದಿನ ಒಂದು ತಾಸಿನಲ್ಲಿ ನಾನು ನೋಡಿದ ಇಂಜಿನಿಯರಿಂಗನ್ನು ಯಾವ ಕಾಲೇಜಿನಲ್ಲೂ ಕಲಿಸುತ್ತಾರೆಂದು ನನಗನ್ನಿಸುವುದಿಲ್ಲ. ರುದ್ರಾಣಿ ಯಂತ್ರಗಳ ಬಿಗಿದ ಕೀಲು ಸಡಿಲಿಸಿ, ಇದ್ದಿಲಿನ ಚೂರು ಹಿಡಿದು ಬಂಡೆಯ ಮೇಲೆ ಪಟ್ಟಿ ಬರೆದಳು. ಒಂದು ಪಂಕ್ತಿಗೆ ಏಳು ಎಲೆ, ಒಂದು ಯಂತ್ರದ ಬುಡಕ್ಕೆ ಒಂದು ಎಲೆ. ಮುದಿ ಗಾಳಿಯೊಂದಕ್ಕೇ ರೆಕ್ಕೆ ತಿರುಗಿಸುವ ಶಕ್ತಿಯಿಲ್ಲ, ಅದರ ಮಗ್ಗುಲಲ್ಲಿ ಒಂದು ಮೊಮ್ಮಗ ಗಾಳಿಯನ್ನು ಕೂರಿಸಿದಳು. ದಾಯಾದಿಗಳನ್ನು ಬೇರೆ ಬೇರೆ ಪಂಕ್ತಿಗೆ ಹಾಕಿದಳು. ಬಸುರಿಗೆ ಎರಡನೆಯ ಯಂತ್ರ, ಅಲ್ಲಿ ನೆರಳಿದೆ ಎಂದು. ಬೀಗರ ಗಾಳಿಯನ್ನು ತಾನೇ ಹೋಗಿ ಕೈಮುಗಿದು ಕರೆತಂದು ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದಳು. ಮಂಡಕ್ಕಿ ಬಡಿಸಿದ್ದಾಯಿತು. ನಮ್ಮಲ್ಲಿ ಮನೆಯ ಯಜಮಾನರು ಸಾಲಿನ ಮುಂದೆ ಬಂದು, ಕೈಮುಗಿದು ಸಾವಕಾಶವಾಗಲಿ ಎನ್ನುವ ತನಕ ಯಾರೂ ಎಲೆಗೆ ಕೈ ಹಚ್ಚುವುದಿಲ್ಲ. ಒಲೆ ಹೂಡಿದವಳು ಸಿದ್ದವ್ವ, ಆ ಮಾತನ್ನು ಅವಳೇ ಹೇಳಿದಳು. ಏಳು ರೆಕ್ಕೆಗಳು ಒಂದೇ ಹದದಲ್ಲಿ ತಿರುಗತೊಡಗಿದವು.

ಇನ್ನು ಸರದಿಗೆ ಕಾಯುವವರನ್ನು ಎಲ್ಲಾದರೂ ಇಳಿಸಬೇಕಲ್ಲ. ನಾನು ಪಟ್ಟಿ ಹಿಡಿದು ಮನೆಮನೆಗೆ ಹೋದೆ. ಬೇಡ ಎಂದವರು ಒಬ್ಬರೂ ಇಲ್ಲ, ತಮಗೆ ಯಾಕೆ ಒಂದೇ ಎಂದು ಜಗಳಕ್ಕೆ ಬಂದವರು ಬಹಳ. ಬಟ್ಟೆ ಒಗೆಯುವವರು ಐದು ಕೇಳಿ ಪಡೆದರು. ನರ್ಸಮ್ಮ ತಣ್ಣಗಿನ, ಸದ್ದು ಮಾಡದ ಒಂದು ಪುಟ್ಟ ಗಾಳಿಯನ್ನು ಆರಿಸಿಕೊಂಡು ಬಾಣಂತಿಯರ ಕೋಣೆಯಲ್ಲಿ ಉಳಿಸಿಕೊಂಡಳು. ಶಾಲೆಗೆ ಕೊಟ್ಟ ಮಕ್ಕಳ ಗಾಳಿಗಳು ಎರಡೇ ದಿನದಲ್ಲಿ ಮೇಷ್ಟ್ರ ಸೀಮೆಸುಣ್ಣದ ಧೂಳನ್ನೆಲ್ಲ ಖಾಲಿ ಮಾಡಿದವು. ಉಳಿದದ್ದು ಒಂದು ಭಾರೀ ಗಾತ್ರದ ಸೋದರಮಾವ ಗಾಳಿ, ಅದಕ್ಕೆ ಹಿಡಿಸುವಂಥ ಹಜಾರ ಇದ್ದದ್ದು ಗುರುಪಾದಪ್ಪನ ಮನೆಯಲ್ಲಿ ಮಾತ್ರ. ಆತ ಬಾಗಿಲಲ್ಲಿ ಗೊಣಗಿದ. ಸಂಜೆ ನಾನು ಅತ್ತ ಹಾದುಹೋಗುವಾಗ ಬೀಸಣಿಗೆ ಮೂಲೆಯಲ್ಲಿತ್ತು, ಗುರುಪಾದಪ್ಪ ಅಂಗಿ ಬಿಚ್ಚಿ ಹಜಾರದ ನಡುವೆ ಕಾಲು ಚಾಚಿ ಕೂತು, ಮೊರದ ತುಂಬ ಮಂಡಕ್ಕಿ ಇಟ್ಟುಕೊಂಡು ಗಾಳಿಗೆ ತನ್ನ ಬಾಲ್ಯದ ಕಥೆ ಹೇಳುತ್ತಿದ್ದ.

ಒಂದು ಪಂಕ್ತಿ ಎದ್ದರೆ ಇನ್ನೊಂದು, ಅದು ಎದ್ದರೆ ಮತ್ತೊಂದು. ಒಂದೇ ಗಾಳಿ ಬಂದಿದ್ದರೆ ತಾಸೆರಡು ತಾಸು ಇದ್ದು ಹೊರಟುಹೋಗುತ್ತಿತ್ತು, ಮಿಕ್ಕ ಹೊತ್ತು ಯಂತ್ರ ಬೆಪ್ಪಾಗಿ ನಿಲ್ಲುತ್ತಿತ್ತು. ಸಿದ್ದವ್ವ ಉಮೇದಿನಲ್ಲಿ ಮಾಡಿದ ತಪ್ಪಿನಿಂದ, ಎಲೆ ಬದಲಿಸುವ ಹತ್ತು ನಿಮಿಷ ಬಿಟ್ಟರೆ, ಹಗಲಿರುಳು ಕರೆಂಟು ಹರಿಯಿತು. ಊರಿನ ಬಲ್ಬುಗಳು ಬೆಳ್ಳಗೆ ಉರಿದವು. ತಮ್ಮ ಮನೆಯ ಗೋಡೆಗೆ ಹಿಂದಿನವರು ನೀಲಿ ಸುಣ್ಣ ಬಳಿದಿದ್ದರೆಂಬುದು ಎಷ್ಟೋ ಜನಕ್ಕೆ ಆಗಲೇ ಗೊತ್ತಾದದ್ದು. ಗಿರಣಿ ಬೆಳಗಿನಿಂದ ಸಂಜೆಯವರೆಗೆ ಓಡಿತು. ಸಾಲು ನಿಲ್ಲುವ ಅಭ್ಯಾಸವಾಗಿದ್ದ ಹೆಂಗಸರು ಹಿಟ್ಟು ಬೀಸಿಸಿಕೊಂಡ ಮೇಲೂ ಸುಮ್ಮನೆ ನಿಂತು ಮಾತಾಡಿಕೊಂಡು ಹೋದರು. ಲಸಿಕೆಯ ಸೀಸೆಗಳು ಮಡಕೆಯಿಂದ ಎದ್ದು ತಣ್ಣನೆಯ ಪೆಟ್ಟಿಗೆಗೆ ಹೋದವು. ರುದ್ರಾಣಿ ಮಾತ್ರ ಒಲೆಗೂ ಯಂತ್ರಕ್ಕೂ ಓಡಾಡುತ್ತ, ನಿಂತಲ್ಲೇ ನಾಲ್ಕು ತುತ್ತು ನುಂಗಿಕೊಂಡು, ನಲವತ್ತನೆಯ ದಿನವನ್ನು ಕಾದಳು.

ವಾಮನಮೂರ್ತಿಯವರು ಆರಡಿ ಎತ್ತರದ ಮನುಷ್ಯ. ಮೂವತ್ತು ವರ್ಷ ಒಂದು ಊರಿನಿಂದ ಇನ್ನೊಂದು ಊರಿಗೆ ತಪಾಸಣೆ ಮಾಡಿಕೊಂಡು, ಪ್ರವಾಸಿ ಮಂದಿರಗಳಲ್ಲಿ ಒಬ್ಬರೇ ಕೂತು ಊಟ ಮಾಡಿದವರು. ಯಂತ್ರಗಳನ್ನು ಬಿಚ್ಚುವ ಆದೇಶವನ್ನು ಸಿದ್ಧಪಡಿಸಿಯೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಅದರಲ್ಲಿ ಸಹಿಯೊಂದು ಬಾಕಿ. ಅವರ ಕಾರು ಗುಡ್ಡ ಹತ್ತಿ ಬಂದು ನಿಂತದ್ದು ಮಧ್ಯಾಹ್ನ, ಸರಿಯಾಗಿ ಒಂದು ಪಂಕ್ತಿ ಎದ್ದು ಎಲೆ ತೆಗೆಯುತ್ತಿದ್ದ ಹೊತ್ತಿಗೆ. ಏಳೂ ಯಂತ್ರ ನಿಂತಿದ್ದವು. ಅವರು ಕತ್ತೆತ್ತಿ ಒಂದೊಂದನ್ನೂ ನೋಡಿ, "ನಿಂತಿವೆಯಲ್ಲ" ಎಂದರು.

ಇದು ಪಂಕ್ತಿ ಬದಲಾಗುವ ಸಮಯವೆಂದು, ಹತ್ತು ನಿಮಿಷ ಕೂತರೆ ಸಾಕೆಂದು ರುದ್ರಾಣಿ ವಿನಯದಿಂದಲೇ ಹೇಳಿ ಮಣೆ ಹಾಕಿದಳು. ಅವರು ಕೂರಲಿಲ್ಲ. ಹೊಸ ಎಲೆ ಬಿದ್ದವು, ಮಂಡಕ್ಕಿ ಬಿತ್ತು. ಮುಂದಿನ ಪಂಕ್ತಿಯ ಗಾಳಿಗಳು ಬಂದು ಒಂದೊಂದು ಎಲೆಯ ಮುಂದೆ ಕೂತದ್ದು ನಮಗೆಲ್ಲ ಗೊತ್ತಾಯಿತು. ಎಲೆಯ ಅಂಚು ಸಣ್ಣಗೆ ನಡುಗುತ್ತಿತ್ತು. ಆದರೆ ಒಂದು ಕಾಳು ಮಂಡಕ್ಕಿಯೂ ಮೇಲೇಳಲಿಲ್ಲ, ಒಂದು ರೆಕ್ಕೆಯೂ ಅಲುಗಲಿಲ್ಲ. ಹತ್ತು ನಿಮಿಷ ಹೋಯಿತು. ಇಪ್ಪತ್ತಾಯಿತು. ವಾಮನಮೂರ್ತಿಯವರು ಗಡಿಯಾರ ನೋಡಿಕೊಂಡು ಜೇಬಿನಿಂದ ಕಾಗದ ಹೊರತೆಗೆದರು. ಮೂರು ದಿನ ಒಂದು ಸಲವೂ ಹೀಗಾಗಿರಲಿಲ್ಲ. ರುದ್ರಾಣಿ ಅತ್ತೆಯ ಕಡೆ ನೋಡಿದಳು. ಸಿದ್ದವ್ವ ತಲೆ ತುಂಬ ಸೆರಗು ಹೊದ್ದು, ಒಲೆಯ ಹಿಂದೆ ಸರಿದು ತುಟಿ ಬಿಗಿದು ನಿಂತಿದ್ದಳು. ಮನೆಯ ದೊಡ್ಡವರು ಊರಿಂದ ಬಂದಾಗ ಹೆಂಗಸರು ಹೇಗೆ ನಿಲ್ಲುತ್ತಾರೋ ಹಾಗೆ.

ರುದ್ರಾಣಿಗೆ ಅರ್ಥವಾಯಿತು. ಅವಳು ಮೇಲಧಿಕಾರಿಯ ಎದುರಿಗೆ ಹೋಗಿ ನಿಂತಳು. ಆ ಧೈರ್ಯ ಎಲ್ಲಿಂದ ಬಂತೋ, ಅವಳಿಗೇ ಗೊತ್ತು.

"ಸರ್, ನೀವು ಹೇಳಬೇಕು."

"ನಾನು ಏನು ಹೇಳಬೇಕು?"

"ಸಾವಕಾಶವಾಗಲಿ ಅಂತ. ಯಜಮಾನರು ಬಂದು ಕೈಮುಗಿಯದೆ ಇಲ್ಲಿ ಯಾರೂ ಊಟ ಶುರು ಮಾಡಲ್ಲ. ಇಷ್ಟು ದಿನ ನಮ್ಮತ್ತೆ ಹೇಳ್ತಿದ್ರು. ಇವತ್ತು ನೀವು ಬಂದಿದ್ದೀರಿ, ಅವರು ಹೆಂಗೆ ಹೇಳ್ತಾರೆ?"

"ನಾನು ಮಂಡಳಿಯ ಮುಖ್ಯ ಇಂಜಿನಿಯರ್. ಯಾರ ಮನೆಯ ಯಜಮಾನನೂ ಅಲ್ಲ."

"ಈ ಮನೆ ಮಂಡಳಿದೇ ಸರ್" ಎಂದಳು ರುದ್ರಾಣಿ.

ವಾಮನಮೂರ್ತಿಯವರು ಸುತ್ತ ನೋಡಿದರು. ಗೋಡೆಯಿಲ್ಲದ ಮನೆ, ಮೂರು ಕಲ್ಲಿನ ಒಲೆ, ಅದರ ಮೇಲೆ ಪಾಯಸದ ಹಂಡೆ, ತಪ್ಪಲಿನವರೆಗೂ ಉಸಿರು ಬಿಗಿಹಿಡಿದು ನಿಂತ ಊರಿನ ಜನ. ಅವರಿಗೆ ಸಿಟ್ಟು ಬರುತ್ತದೆಂದೇ ನಾನು ತಿಳಿದಿದ್ದೆ. ಅವರು ಕಾಗದವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಬೂಟು ಬಿಚ್ಚಿದರು. ಮೊದಲನೆಯ ಯಂತ್ರದ ಮುಂದೆ ಹೋಗಿ, ಆ ಉದ್ದ ಕೈಗಳನ್ನು ಹೇಗೆ ಜೋಡಿಸಬೇಕೆಂದು ತಿಳಿಯದವರ ಹಾಗೆ ಜೋಡಿಸಿ, ಗಂಟಲು ಸರಿಮಾಡಿಕೊಂಡು, "ಸಾವಕಾಶವಾಗಲಿ" ಎಂದರು. ಮಾತು ತಮ್ಮ ಅಂಗಿಗೇ ಕೇಳಿಸುವಷ್ಟು ಸಣ್ಣಗಿತ್ತು. ಆದರೂ ಮಂಡಕ್ಕಿ ಎಲೆಯಿಂದ ಎದ್ದಿತು. ಮೇಲೆ ಮೊದಲ ರೆಕ್ಕೆ ಮೆಲ್ಲಗೆ ಹೊರಳಿತು. ಅವರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು, ಆಮೇಲೆ ಎರಡನೆಯ ಯಂತ್ರದ ಕಡೆಗೆ ತಾವೇ ಬೇಗ ಬೇಗ ನಡೆದರು. ಅಲ್ಲಿ ಸ್ವಲ್ಪ ಜೋರಾಗಿ ಹೇಳಿದರು. ನಾಲ್ಕನೆಯದರ ಹೊತ್ತಿಗೆ, ಏನು ಬೇಕೋ ಕೇಳಿ ಹಾಕಿಸಿಕೊಳ್ಳಿ, ನಾಚಿಕೆ ಮಾಡಿಕೊಳ್ಳಬೇಡಿ ಎಂದೂ ಸೇರಿಸಿದರು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಏಳನೆಯ ಯಂತ್ರದ ಬುಡದಲ್ಲಿದ್ದ ಮುದಿ ಗಾಳಿಯ ಮುಂದೆ ಬಗ್ಗಿ, ಅಜ್ಜಾ, ಹಲ್ಲಿಗೆ ಮೆತ್ತಗಿದೆಯೋ ಇಲ್ಲವೋ ಎಂದು ವಿಚಾರಿಸಿದರು. ಏಳೂ ರೆಕ್ಕೆಗಳು ತಿರುಗುತ್ತಿದ್ದವು. ತಪ್ಪಲಿನಿಂದ ಜನರ ಕೇಕೆ ಕೇಳಿಸಿತು.

ಅವರು ತಿರುಗಿ ಬಂದಾಗ ಕೈಗಳು ಇನ್ನೂ ಮುಗಿದೇ ಇದ್ದವು, ಇಳಿಸುವುದನ್ನು ಮರೆತಿದ್ದರು. ರುದ್ರಾಣಿಗೆ ಕೇಳಬೇಕಾದದ್ದು ಒಂದೇ ಪ್ರಶ್ನೆ ಇತ್ತು. ಯಂತ್ರಗಳು ಇಲ್ಲೇ ಉಳಿಯುತ್ತವೆಯೋ ಎಂದು ಅವಳು ಕೇಳುವ ಮೊದಲೇ ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಸಿ ಹಿಡಿದ ಕೈ, ಬಿಚ್ಚಿಹೋದ ತುರುಬು, ನಿದ್ದೆಗೆಟ್ಟ ಕಣ್ಣು.

"ಮನೆಯವರದು ಊಟ ಆಯ್ತಾ?" ಎಂದು ಸಿದ್ದವ್ವನನ್ನು ಕೇಳಿದರು.

"ಎಲ್ಲಿ ಊಟ ಸ್ವಾಮಿ. ನಲವತ್ತು ದಿನ ಆತು, ಒಂದು ಹೊತ್ತು ಕೂತ್ಕಂಡು ಉಂಡಿಲ್ಲ ಇವಳು" ಎಂದಳು ಸಿದ್ದವ್ವ.

ವಾಮನಮೂರ್ತಿಯವರು ಅಂಗಿಯ ತೋಳು ಮಡಚಿದರು. ಒಲೆಯ ಪಕ್ಕದಲ್ಲಿದ್ದ ಎಲೆಯ ಕಟ್ಟಿನಿಂದ ಒಂದು ಎಳೆದು ಬಂಡೆಯ ಮೇಲೆ ಹಾಕಿ, ರುದ್ರಾಣಿಯನ್ನು ಕೂರಿಸಿದರು. ಅವಳು ಬೇಡ ಸರ್, ಬೇಡ ಸರ್ ಎನ್ನುತ್ತಲೇ ಕೂತಳು, ಕಾಲುಗಳಿಗೂ ಸಾಕಾಗಿತ್ತು. ಅವರು ಸೌಟು ಹಿಡಿದು ಪಾಯಸ ಬಡಿಸಿದರು. ಬಂಡೆ ಓರೆಯಾಗಿತ್ತು, ಪಾಯಸ ಎಲೆಯ ಅಂಚಿಗೆ ಹರಿಯತೊಡಗಿತು. ರುದ್ರಾಣಿ ಎರಡೂ ಕೈ ಅಡ್ಡ ಹಿಡಿದಳು. ಆಗ ವಾಮನಮೂರ್ತಿಯವರು ಕಂಕುಳಲ್ಲಿದ್ದ ಆದೇಶವನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಓರೆಯಾದ ಕಡೆ ಎಲೆಯ ಕೆಳಗೆ ಸಿಕ್ಕಿಸಿದರು. ಎಲೆ ಮಟ್ಟವಾಯಿತು. ಅವರು ಒಮ್ಮೆ ಬಗ್ಗಿ ನೋಡಿ, ಇನ್ನೊಂದು ಮಡಿಕೆ ಮಾಡಿ ಸರಿಯಾಗಿ ಕೂರಿಸಿದರು. ಆಮೇಲೆ ಎದ್ದು ನಿಂತು, ಕೈಮುಗಿದು, "ಸಾವಕಾಶವಾಗಲಿ ತಾಯಿ" ಎಂದರು.

ರುದ್ರಾಣಿ ನಕ್ಕಳು, ನಗುನಗುತ್ತಲೇ ಅತ್ತಳು. ಮೂಗೊರೆಸಿಕೊಂಡು ಎರಡು ಸಲ ಪಾಯಸ ಹಾಕಿಸಿಕೊಂಡಳು.